ಒಂದೇ ಬದಿ ಪ್ರಿಂಟ್ ಆದ ಹಾಳೆಗಳ ರಾಶಿ: ಏನು ಮಾಡೋದು?

ಹಾಳೆರಾಶಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಬದಿ ಮಾತ್ರ ಪ್ರಿಂಟ್ ಆದ ಎ4 ಹಾಳೆಗಳು ಮೊಣಕಾಲೆತ್ತರ ಬೆಳೆದು ನಿಂತಿವೆ. ಕೆಲವು ಆಫೀಸಿಂದ ಬಂದದ್ದು, ಉಳಿದದ್ದು ಮಕ್ಕಳ ಶಾಲೆಯಿಂದ. ಹಿಂಬದಿ ಬೆಳ್ಳಗೆ ಹಾಗೇ ಇದೆ, ಎಸೆಯೋಕೆ ಮನಸ್ಸು ಬರುತ್ತಿಲ್ಲ. ಜೊತೆಗೆ ಅರ್ಧ ಬರೆದ ನೋಟ್‌ಬುಕ್, ಹರಿದ ಲಕೋಟೆ, ರಟ್ಟಿನ ಡಬ್ಬ ಬೇರೆ. ಚೀಟಿ ಬರೆಯೋಕೆ ಎಷ್ಟು ಅಂತ ಬಳಸೋದು? ಮಾಡಿ ನೋಡಿದವರು ಹೇಳಿ. ಪೆನ್ ಸ್ಟ್ಯಾಂಡ್, ಕಾಗದದ ಹೂವು ಮಾಡಿ ಅನ್ನೋ ಸಲಹೆ ಮಾತ್ರ ದಯವಿಟ್ಟು ಬೇಡ. ಅದನ್ನು ಇಡೋಕೆ ಮತ್ತೊಂದು ಕಪಾಟು ಬೇಕಾಗುತ್ತದೆ.

ಸೂಜಿದಾರ

ನೋಟ್‌ಬುಕ್ ಹೊಲಿಯಿರಿ. ಎಲ್ಲರೂ ಮಾಡೋ ಹಾಗೆ ಮೂಲೆಗೆ ಪಿನ್ ಹೊಡೆದು ಇಡಬೇಡಿ, ಅದು ವಾರದಲ್ಲಿ ಕಿತ್ತು ಬರುತ್ತದೆ. ಪ್ರಿಂಟ್ ಆದ ಬದಿ ಒಳಗೆ ಬರೋ ಹಾಗೆ ಹಾಳೆಯನ್ನು ಮಧ್ಯಕ್ಕೆ ಮಡಚಿ. ಈಗ ಹೊರಗೆ ಎರಡೂ ಕಡೆ ಖಾಲಿ, ಅಳತೆ ಎ5. ಮಡಿಕೆ ಇರೋ ಅಂಚು ಪುಸ್ತಕದ ಹೊರಗಡೆಗೆ ಬರಲಿ, ಬಿಡಿ ಅಂಚುಗಳು ಬೆನ್ನಿನ ಕಡೆಗೆ. ಹಳೆ ಪ್ರಿಂಟ್ ಮಡಿಕೆಯ ಒಳಗೆ ಮುಚ್ಚಿಹೋಗುತ್ತದೆ, ಬರೆಯುವಾಗ ಕಣ್ಣಿಗೆ ಬೀಳೋದೇ ಇಲ್ಲ. ಚೀನಾ, ಜಪಾನ್ ಕಡೆ ಹಳೆಯ ಪುಸ್ತಕಗಳನ್ನು ಹೀಗೇ ಕಟ್ಟುತ್ತಿದ್ದರು. ಅಲ್ಲಿನ ಕಾಗದ ತೆಳು, ಒಂದೇ ಬದಿ ಅಚ್ಚಾಗುತ್ತಿತ್ತು. ಹಾಗಾಗಿ ಖಾಲಿ ಬದಿ ಒಳಗೆ, ಅಚ್ಚಾದದ್ದು ಹೊರಗೆ. ನಮ್ಮದು ಉಲ್ಟಾ, ಅಷ್ಟೇ.

30 ಹಾಳೆ ತಗೊಳ್ಳಿ. ಮಡಚಿದರೆ ಸುಮಾರು 6 ಮಿಲಿಮೀಟರ್ ದಪ್ಪ, ಬರೆಯೋಕೆ 60 ಪುಟ. ಮಡಿಕೆಯನ್ನು ಚಮಚದ ಬೆನ್ನಿಂದ ಚೆನ್ನಾಗಿ ಉಜ್ಜಿ. ಕಾಗದದ ನಾರು ಸಾಮಾನ್ಯವಾಗಿ ಎ4 ಹಾಳೆಯ ಉದ್ದಕ್ಕೆ ಮಲಗಿರುತ್ತದೆ. ನಾವು ಅಡ್ಡಕ್ಕೆ ಮಡಚುತ್ತೇವೆ, ಅದಕ್ಕೇ ಅದು ಮತ್ತೆ ಮತ್ತೆ ಬಿಚ್ಚಿಕೊಳ್ಳೋದು. ಅನುಮಾನ ಇದ್ದರೆ ಒಂದು ಹಾಳೆ ಹರಿದು ನೋಡಿ. ನಾರಿನ ದಾರಿಯಲ್ಲಿ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ.

ಮಡಚಿದ ಹಾಳೆಗಳನ್ನು ಮೇಜಿನ ಮೇಲೆ ಕುಟ್ಟಿ ಅಂಚು ಸಮ ಮಾಡಿ, ಮೇಲೆ ಕೆಳಗೆ ರಟ್ಟಿನ ಹೊದಿಕೆ ಇಡಿ, ಎರಡು ಕಡೆ ಕ್ಲಿಪ್ ಹಾಕಿ. ಬೆನ್ನಿನಿಂದ 1 ಸೆಂಟಿಮೀಟರ್ ಒಳಗೆ ನಾಲ್ಕು ಗುರುತು ಹಾಕಿ. ಕೆಳಗೆ ಹಳೆಯ ಮರದ ತುಂಡು ಇಟ್ಟು, ಮೊಳೆ ಸುತ್ತಿಗೆಯಿಂದ ತೂತು ಮಾಡಿ. ಸೂಜಿಯನ್ನೇ ಒತ್ತಿ ತೂರಿಸೋಕೆ ಹೋದರೆ ಬೆರಳು ಹೋಗುತ್ತದೆ. ದಾರ ಬೆನ್ನಿನ ಉದ್ದದ ಐದು ಪಟ್ಟು ಬೇಕು. ಪ್ರತಿ ತೂತಿನಲ್ಲೂ ದಾರ ಬೆನ್ನನ್ನು ಒಂದು ಸುತ್ತು ಸುತ್ತಿ ಮುಂದೆ ಹೋಗಬೇಕು. ವಾಪಸ್ ಬರುವಾಗ ಬಿಟ್ಟುಹೋದ ಜಾಗ ತುಂಬುತ್ತದೆ. ಹೊರಟ ತೂತಿಗೇ ಬಂದು ಗಂಟು ಹಾಕಿ.

ಒಂದೇ ಕೊರತೆ: ಪುಸ್ತಕ ಪೂರ್ತಿ ಅಗಲಕ್ಕೆ ತೆರೆಯುವುದಿಲ್ಲ. ಬೆನ್ನಿನ ಕಡೆ ಎರಡು ಬೆರಳು ಜಾಗ ಬಿಟ್ಟು ಬರೆಯಬೇಕು.

ಸಂಜೆಓದು

ಇದು ಚೆನ್ನಾಗಿದೆ. ಮಡಿಕೆ ಹೊರಗೆ ಬರೋ ಉಪಾಯ ನನಗೆ ಹೊಳೆದೇ ಇರಲಿಲ್ಲ. ಶಾಯಿ ಪೆನ್ ಆದರೆ ಹಿಂದಕ್ಕೆ ಇಳಿಯುತ್ತದಾ?

ಸೂಜಿದಾರ

ಎರಡು ಪದರ ಇರೋದರಿಂದ ಇಳಿದರೂ ಒಳಗೇ ಉಳಿಯುತ್ತದೆ. ಇಂಕ್‌ಜೆಟ್ ಪ್ರಿಂಟ್ ಆದ ಹಾಳೆ ಮಾತ್ರ ಒದ್ದೆ ಕೈ ತಾಗಿದರೆ ಕಲೆ ಬಿಡಬಹುದು. ಲೇಸರ್ ಪ್ರಿಂಟ್‌ಗೆ ಆ ತೊಂದರೆ ಇಲ್ಲ.

ನೇರಮಾತು

ಎಲ್ಲ ಸರಿ, ಆದರೆ ಲೆಕ್ಕ ಹಾಕಿದ್ದೀರಾ? 500 ಹಾಳೆಯ ಕಟ್ಟು ಸುಮಾರು 5 ಸೆಂಟಿಮೀಟರ್ ದಪ್ಪ. ಮೊಣಕಾಲೆತ್ತರ ಅಂದರೆ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಅಲ್ಲಿಗೆ 10 ಕಟ್ಟು, 5000 ಹಾಳೆ. ಒಂದು ನೋಟ್‌ಬುಕ್‌ಗೆ 30 ಅಂದರೆ 160ಕ್ಕೂ ಜಾಸ್ತಿ ನೋಟ್‌ಬುಕ್. ಯಾರು ಹೊಲಿಯೋದು, ಯಾರು ಬರೆಯೋದು? ಅಷ್ಟರಲ್ಲಿ ಇನ್ನೊಂದು ರಾಶಿ ಬಂದಿರುತ್ತದೆ.

ಇನ್ನೊಂದು ಮಾತು. ಕಾಗದಕ್ಕೆ ಅಂತಲೇ ಬೆಳೆಸಿದ ನೆಡುತೋಪಿನ ಮರಗಳಿವೆ. ಕಡಿಯುತ್ತಾರೆ, ಮತ್ತೆ ನೆಡುತ್ತಾರೆ. ಒಂದು ಹಾಳೆ ಉಳಿಸಿದರೆ ಕಾಡು ಉಳಿಯಿತು ಅನ್ನೋದು ಸುಮ್ನೆ ಸಮಾಧಾನ.

ತಿರುಳು

ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು ನಾನು. ನೇರಮಾತು ಹೇಳಿದ್ದರಲ್ಲಿ ಅರ್ಧ ಸರಿ. ನೆಡುತೋಪು ಇರೋದು ನಿಜ, ಎಲ್ಲ ಕಡೆ ಅಲ್ಲ. ಆದರೆ ಮರದ ಲೆಕ್ಕ ಒಂದನ್ನೇ ಇಟ್ಟುಕೊಂಡರೆ ಹೇಗೆ? ಮರದ ಚೂರುಗಳನ್ನು ರಾಸಾಯನಿಕದಲ್ಲಿ ಒತ್ತಡ ಕೊಟ್ಟು ಬೇಯಿಸಿ, ನಾರನ್ನು ಹಿಡಿದಿಟ್ಟ ಲಿಗ್ನಿನ್ ತೆಗೆಯಬೇಕು. ತೊಳೆಯಬೇಕು, ಬಿಳಿ ಮಾಡಬೇಕು. ಕಾಗದದ ಯಂತ್ರಕ್ಕೆ ಹೋಗೋ ತಿರುಳಿನಲ್ಲಿ ನೂರಕ್ಕೆ 99 ಭಾಗ ನೀರೇ ಇರುತ್ತದೆ. ಆ ನೀರನ್ನೆಲ್ಲ ಸೋಸಿ, ಒತ್ತಿ, ಕೊನೆಗೆ ಬಿಸಿ ಉರುಳೆಗಳ ಮೇಲೆ ಒಣಗಿಸಬೇಕು. ಖರ್ಚಾಗೋದು ನೀರು ಮತ್ತು ಉರುವಲು. ನೀವು ಉಳಿಸಿದ ಹಾಳೆಯಲ್ಲಿ ಅದೂ ಉಳಿಯುತ್ತದೆ.

ಹಳೆ ಕಾಗದದಿಂದ ಕಾಗದ ಮಾಡಿದರೆ ಇದು ಕಡಿಮೆ ಬೇಕು. ಆದರೆ ಆ ದಾರಿಗೂ ಕೊನೆ ಇದೆ. ಪ್ರತಿ ಸಲ ಕಲಕಿ ಬಿಡಿಸುವಾಗ ನಾರು ತುಂಡಾಗಿ ಗಿಡ್ಡ ಆಗುತ್ತದೆ. ಸುಮಾರು 5ರಿಂದ 7 ಸಲ ಆದ ಮೇಲೆ ಹಿಡಿತವೇ ಇರುವುದಿಲ್ಲ, ಹೊಸ ನಾರು ಬೆರೆಸಲೇಬೇಕು. ಶಾಯಿ ತೆಗೆಯೋದೂ ಒಂದು ಕೆಲಸ. ತಿರುಳಿಗೆ ಸೋಪಿನಂಥದ್ದು ಹಾಕಿ ಗಾಳಿ ಊದುತ್ತಾರೆ. ಶಾಯಿ ಗುಳ್ಳೆಗೆ ಅಂಟಿಕೊಂಡು ಮೇಲೆ ತೇಲುತ್ತದೆ, ಕಪ್ಪು ನೊರೆಯನ್ನು ತೆಗೆದು ಹಾಕುತ್ತಾರೆ. ಅಂದ ಹಾಗೆ ಇದು ಇತ್ತೀಚಿನ ಯೋಚನೆ ಏನಲ್ಲ. 1774ರಲ್ಲೇ ಜರ್ಮನಿಯ ಗಾಟಿಂಗನ್‌ನಲ್ಲಿ ಯುಸ್ಟುಸ್ ಕ್ಲಾಪ್ರೋಟ್ ಅನ್ನೋ ಕಾನೂನು ಪಂಡಿತರು ಅಚ್ಚಾದ ಕಾಗದದ ಶಾಯಿ ತೊಳೆದು ಮತ್ತೆ ಕಾಗದ ಮಾಡೋ ಬಗ್ಗೆ ಬರೆದಿದ್ದರು.

ಹಾಗಾಗಿ ನನ್ನ ಅಭಿಪ್ರಾಯ: ಎರಡನೇ ಬದಿ ಬಳಸಿ, ಆಮೇಲೆ ರದ್ದಿಗೆ ಕಳಿಸಿ. ಆದರೆ ಮೊದಲು ಆ ಹಾಳೆ ಹುಟ್ಟಬೇಕಿತ್ತಾ ಅಂತ ಕೇಳಿ.

ಪ್ರಿಂಟರ್‌ಪಕ್ಕ

ಕೊನೆಯ ಮಾತೇ ಮುಖ್ಯ. ಹಲವು ಆಫೀಸುಗಳ ಪ್ರಿಂಟರ್ ನೋಡಿಕೊಳ್ಳೋದು ನನ್ನ ಕೆಲಸ. ರಾಶಿ ಬೆಳೆಯೋಕೆ ಜನರ ಸೋಮಾರಿತನ ಕಾರಣ ಅಲ್ಲ. ಪ್ರಿಂಟರ್ ಕೂರಿಸಿದ ದಿನ ಯಾರೋ ಒಂದೇ ಬದಿ ಅಂತ ಬಿಟ್ಟಿರುತ್ತಾರೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಗೋಡೆಗೆ ‘ಕಾಗದ ಉಳಿಸಿ’ ಅಂತ ಬೋರ್ಡ್ ಹಾಕಿದ ಆಫೀಸುಗಳಲ್ಲೂ ಇದೇ ಕಥೆ. ಆ ಬೋರ್ಡ್ ಕೂಡ ಒಂದೇ ಬದಿ ಪ್ರಿಂಟ್, ಪ್ಲಾಸ್ಟಿಕ್ ಹೊದಿಕೆ ಸಮೇತ.

ಎರಡೂ ಬದಿ ಪ್ರಿಂಟ್ ಆಗೋದನ್ನೇ ಮೊದಲಿನ ಆಯ್ಕೆ ಮಾಡಿ. ಒಂದೇ ಬದಿ ಬೇಕಾದವರು ತಾವೇ ಬದಲಿಸಿಕೊಳ್ಳಲಿ. ದೊಡ್ಡ ಆಫೀಸಾದರೆ, ಪ್ರಿಂಟರ್ ಹತ್ತಿರ ಹೋಗಿ ಕಾರ್ಡ್ ತೋರಿಸಿದ ಮೇಲೆ ಹಾಳೆ ಹೊರಗೆ ಬರೋ ವ್ಯವಸ್ಥೆ ಇದೆ. ಕೊಟ್ಟು ಮರೆತ ಪ್ರಿಂಟ್ ಬರುವುದೇ ಇಲ್ಲ. ಯಾರ ಪ್ರಿಂಟ್ ಅಂತ ಹೆಸರು ಹೊತ್ತು ಬರೋ ಮುಖಪುಟದ ಹಾಳೆಯೂ ಬೇಡ.

ವೆಬ್ ಪುಟ ಪ್ರಿಂಟ್ ಮಾಡುವಾಗ ಪ್ರಿವ್ಯೂ ನೋಡಿ. ಕೊನೆ ಹಾಳೆಯಲ್ಲಿ ಬರೀ ವಿಳಾಸದ ಒಂದು ಸಾಲು ಇರುತ್ತದೆ. ಓದಿ ಬಿಸಾಡೋ ಕರಡು ಆದರೆ ಒಂದು ಬದಿಗೆ ಎರಡು ಪುಟ ಹಾಕಿ. ಎ4 ಅಳತೆಯ ಅಂದವೇ ಅದು. ಉದ್ದ ಅಗಲದ ಲೆಕ್ಕ ಎರಡರ ವರ್ಗಮೂಲದ್ದು. ಮಧ್ಯಕ್ಕೆ ಕತ್ತರಿಸಿದರೂ ಆಕಾರ ಅದೇ ಇರುತ್ತದೆ. ಎರಡು ಪುಟವನ್ನು ಶೇ. 71ಕ್ಕೆ ಕುಗ್ಗಿಸಿದರೆ ಪಕ್ಕಪಕ್ಕ ಸರಿಯಾಗಿ ಕೂರುತ್ತವೆ, ಜಾಗ ವ್ಯರ್ಥ ಆಗಲ್ಲ. ಎರಡು ಬದಿಗೂ ಹೀಗೆ ಮಾಡಿದರೆ ಒಂದು ಹಾಳೆಗೆ ನಾಲ್ಕು ಪುಟ. 12 ಪಾಯಿಂಟ್ ಅಕ್ಷರ ಎಂಟೂವರೆಗೆ ಇಳಿಯುತ್ತದೆ, ಕನ್ನಡದ ಒತ್ತಕ್ಷರ ಓದೋಕೆ ಸ್ವಲ್ಪ ಕಷ್ಟ. ಹಾಗಾಗಿ ಕರಡಿಗೆ ಮಾತ್ರ.

ಹಾಳೆರಾಶಿ

5000 ಅಂತ ಕೇಳಿ ತಲೆ ತಿರುಗಿತು. ಹಾಗಾದರೆ ಈ ಹಾಳೆಗಳನ್ನೇ ಪ್ರಿಂಟರ್‌ಗೆ ಮತ್ತೆ ಹಾಕಿ ಹಿಂಬದಿ ಪ್ರಿಂಟ್ ಮಾಡಬಹುದಾ? ಜಾಮ್ ಆಗುತ್ತದೆ ಅಂತ ಕೇಳಿದ್ದೇನೆ.

ಪ್ರಿಂಟರ್‌ಪಕ್ಕ

ಮಾಡಬಹುದು, ಆದರೆ ಯಾವ ಪ್ರಿಂಟರ್ ಅನ್ನೋದು ಮುಖ್ಯ.

ಲೇಸರ್ ಪ್ರಿಂಟರ್‌ನ ಟೋನರ್ ಅಂದರೆ ಸಣ್ಣ ಪ್ಲಾಸ್ಟಿಕ್ ಪುಡಿ. ಬಿಸಿ ಉರುಳೆ ಅದನ್ನು ಕರಗಿಸಿ ಕಾಗದಕ್ಕೆ ಒತ್ತುತ್ತದೆ, ಶಾಖ 200 ಡಿಗ್ರಿ ಹತ್ತಿರ ಹೋಗುತ್ತದೆ. ಹಳೆ ಹಾಳೆ ಮತ್ತೆ ಒಳಗೆ ಹೋದರೆ ಹಿಂದಿನ ಟೋನರ್ ಮೆತ್ತಗಾಗಿ ಉರುಳೆಗೆ ಅಂಟಬಹುದು. ಆಫೀಸಿನ ದೊಡ್ಡ ಯಂತ್ರಕ್ಕೆ ಹಾಕಬೇಡಿ, ರಿಪೇರಿ ಖರ್ಚಿನ ಮುಂದೆ ಉಳಿದ ಕಾಗದ ಏನೂ ಅಲ್ಲ. ಮನೆಯ ಇಂಕ್‌ಜೆಟ್‌ಗೆ ಅಷ್ಟು ಶಾಖ ಇಲ್ಲ, ಅದರಲ್ಲಿ ನಡೆಯುತ್ತದೆ.

ಹಾಕುವ ಮುಂಚೆ ಪಿನ್ ತೆಗೆದಿರಬೇಕು. ಪಿನ್ ತೆಗೆದ ಮೂಲೆಯಲ್ಲಿ ಚಿಕ್ಕ ಉಬ್ಬು ಉಳಿಯುತ್ತದೆ. ಅದನ್ನು ಉಗುರಿಂದ ಸವರಿ ಚಪ್ಪಟೆ ಮಾಡಿ. ಕಿವಿ ಮಡಚಿದ ಹಾಳೆ ಬೇಡವೇ ಬೇಡ. ಪ್ರಿಂಟ್ ಆದ ಹಾಳೆ ಸ್ವಲ್ಪ ಬಾಗಿರುತ್ತದೆ. ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಸರಿಯಾಗುತ್ತದೆ. ಒಂದು ಸಲಕ್ಕೆ ಹತ್ತು ಹಾಳೆ ಸಾಕು, ಹಾಕುವ ಮುಂಚೆ ಬೀಸಿ ಬಿಡಿಬಿಡಿ ಮಾಡಿ. ಯಾವ ಬದಿ ಮೇಲೆ ಬರಬೇಕು ಅಂತ ತಿಳಿಯೋಕೆ ಒಂದು ಖಾಲಿ ಹಾಳೆಯ ಮೂಲೆಗೆ ಪೆನ್ಸಿಲ್‌ನಲ್ಲಿ ಗುಣಿಸು ಗುರುತು ಹಾಕಿ ಪ್ರಿಂಟ್ ಕೊಟ್ಟು ನೋಡಿ. ಟ್ರೇ ಪಕ್ಕದಲ್ಲೇ ಚೀಟಿ ಅಂಟಿಸಿ, ಇಲ್ಲದಿದ್ದರೆ ಪ್ರತಿ ಸಲ ಇದೇ ಗೊಂದಲ.

ಬಾಗಿಲುಚಿಲಕ

ಒಂದು ಎಚ್ಚರಿಕೆ. ಮಗಳ ಗಣಿತದ ಹೋಂವರ್ಕ್ ಹಿಂದೆ ಅಪ್ಪನ ಸಂಬಳದ ವಿವರ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತರಗತಿಯಲ್ಲಿ ಎಲ್ಲರೂ ಓದಿದ್ದರು. ಆಫೀಸಿನಿಂದ ಹಾಳೆ ತರುವ ಮುಂಚೆ ಎರಡು ಸಲ ನೋಡಿ. ಹೆಸರು, ಖಾತೆ ಸಂಖ್ಯೆ, ಆಸ್ಪತ್ರೆಯ ವರದಿ, ಅಂಕಪಟ್ಟಿ ಇರೋದು ಈ ರಾಶಿಗೆ ಸೇರಲೇಬಾರದು.

ಸಂಜೆಓದು

ಅಂಥದ್ದನ್ನು ಚೂರು ಮಾಡೋ ಯಂತ್ರಕ್ಕೆ ಹಾಕಿ ರದ್ದಿಗೆ ಕೊಟ್ಟರೆ ಆಯ್ತು, ಅಲ್ವಾ?

ತಿರುಳು

ಕೊಡಬಹುದು, ಆದರೆ ಎಲ್ಲ ಕಾಗದವನ್ನೂ ಚೂರು ಮಾಡಬೇಡಿ. ಚೂರಾದರೆ ನಾರೂ ತುಂಡಾಗುತ್ತದೆ. ಜೊತೆಗೆ ಸಣ್ಣ ಚೂರುಗಳು ವಿಂಗಡಿಸೋ ಯಂತ್ರದ ಸಂದಿಯಲ್ಲಿ ಉದುರಿ ಕಸಕ್ಕೆ ಹೋಗುತ್ತವೆ. ಕೆಲವು ಕಡೆ ತಗೊಳ್ಳೋದೇ ಇಲ್ಲ. ಗುಟ್ಟಿನ ಮಾಹಿತಿ ಹಾಳೆಯ ಒಂದು ಮೂಲೆಯಲ್ಲಿ ಇದ್ದರೆ ಆ ಪಟ್ಟಿ ಮಾತ್ರ ಹರಿದು ತೆಗೆಯಿರಿ. ಯಂತ್ರ ಇಲ್ಲದಿದ್ದರೆ ಚೂರುಗಳನ್ನು ಬಕೆಟ್ ನೀರಲ್ಲಿ ರಾತ್ರಿಯಿಡೀ ನೆನೆಸಿ ಕೈಯಿಂದ ಹಿಸುಕಿ. ಟೋನರ್ ಅಕ್ಷರ ಅಳಿಸುವುದಿಲ್ಲ, ಆದರೆ ಹಾಳೆಯೇ ಮುದ್ದೆಯಾದ ಮೇಲೆ ಯಾರು ಓದುತ್ತಾರೆ? ಆ ಮುದ್ದೆಯನ್ನು ಹಸಿ ಕಸದ ಗೊಬ್ಬರದ ಗುಂಡಿಗೂ ಹಾಕಬಹುದು. ಗುಂಡಿ ಜಾಸ್ತಿ ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಮಾತ್ರ ಒಣ ಚೂರನ್ನೇ ಹಾಕಿ, ತೇವ ಹೀರುತ್ತದೆ. ಮಿರುಗುವ ಕಾಗದ ಬೇಡ.

ಸೀಮೆಸುಣ್ಣ

ಶಾಲೆಯಿಂದ ಬರೋ ಪಾಲಿನ ಬಗ್ಗೆ ನಾನು ಹೇಳುತ್ತೇನೆ, ದಿನಾ ನೋಡೋದು ಅದನ್ನೇ.

ವರ್ಕ್‌ಶೀಟ್‌ಗಳಲ್ಲಿ ಎರಡು ಥರ ಇರುತ್ತವೆ. ಮಗು ಬರೆದು, ಮೇಷ್ಟ್ರು ತಿದ್ದಿ, ಮತ್ತೆ ನೋಡಬೇಕಾದದ್ದು ಒಂದು. ಹತ್ತು ನಿಮಿಷ ಅಭ್ಯಾಸ ಮಾಡಿ ಮರೆಯೋದು ಇನ್ನೊಂದು. ಎರಡನೆಯದಕ್ಕೆ ಪ್ರತಿ ಮಗುವಿಗೂ ಒಂದು ಹಾಳೆ ಯಾಕೆ? ಇಬ್ಬರಿಗೆ ಒಂದು ಕೊಟ್ಟು ಉತ್ತರವನ್ನು ಸ್ಲೇಟಿನಲ್ಲಿ ಬರೆಸಿದರೆ ಅದೇ ಪ್ರತಿಗಳನ್ನು ಮುಂದಿನ ವರ್ಷವೂ ಬಳಸಬಹುದು. ಇಬ್ಬರು ಒಂದೇ ಹಾಳೆ ನೋಡುವಾಗ ಮಾತಾಡಿಕೊಳ್ಳುತ್ತಾರೆ. ಅದು ನನಗೆ ಕಾಗದಕ್ಕಿಂತ ದೊಡ್ಡ ಲಾಭ. ಐದು ಪ್ರಶ್ನೆಯ ಕಿರುಪರೀಕ್ಷೆಗೆ ಪೂರ್ತಿ ಎ4 ಬೇಕಿಲ್ಲ, ಒಂದರಲ್ಲಿ ಎರಡು ಪ್ರತಿ ಹಾಕಿ ಕತ್ತರಿಸಿ. ಆದರೆ ಚಿಕ್ಕ ಮಕ್ಕಳಿಗೆ ಅಕ್ಷರ ಕುಗ್ಗಿಸಬೇಡಿ. ಅಲ್ಲಿ ಕಾಗದ ಉಳಿಸೋಕೆ ಹೋಗಿ ಓದು ಕೆಡಿಸಬಾರದು.

ಅರ್ಧ ಬರೆದ ನೋಟ್‌ಬುಕ್ ವಿಷಯ. ಖಾಲಿ ಪುಟಗಳನ್ನು ಒಂದೊಂದಾಗಿ ಹರಿಯಬೇಡಿ. ಪಿನ್ ಹೊಡೆದ ನೋಟ್‌ಬುಕ್‌ನಲ್ಲಿ ಪ್ರತಿ ಹಾಳೆಯೂ ಜೋಡಿ. ಮೊದಲರ್ಧದಲ್ಲಿ ಒಂದು ತೆಗೆದರೆ ಕೊನೆಯರ್ಧದಲ್ಲಿ ಅದರ ಜೋಡಿ ಕಳಚಿ ಬೀಳುತ್ತದೆ. ನಟ್ಟನಡುವೆ ತೆರೆದು, ಪಿನ್‌ನ ಎರಡು ಕಾಲುಗಳನ್ನು ಹಳೆ ಚಾಕುವಿನ ತುದಿಯಿಂದ ಎತ್ತಿ ನೆಟ್ಟಗೆ ಮಾಡಿ. ಹಾಳೆಗಳು ಒಟ್ಟಿಗೆ ಮೇಲೆ ಬರುತ್ತವೆ. ಬರೆದ ಪುಟ ಸಾಮಾನ್ಯವಾಗಿ ಮುಂದಿನ ಅರ್ಧದಲ್ಲೇ ಇರೋದರಿಂದ ಅನೇಕ ಹಾಳೆಗಳಲ್ಲಿ ಎಡಗಡೆ ಬರೆದದ್ದು, ಬಲಗಡೆ ಖಾಲಿ. ಅವನ್ನು ಮಧ್ಯಕ್ಕೆ ಕತ್ತರಿಸಿ, ಖಾಲಿ ಅರ್ಧಗಳನ್ನು ಸೂಜಿದಾರ ಹೇಳಿದ ಹೊಲಿಗೆ ಹಾಕಿ. ಪೂರ್ತಿ ಖಾಲಿ ಇರುವ ಜೋಡಿ ಹಾಳೆಗಳಿಗೆ ನಡುವೆ ದಾರ ಹಾಕಿದರೆ ಸಾಕು, ಪೂರ್ತಿ ಅಗಲಕ್ಕೆ ತೆರೆಯುತ್ತದೆ.

ಪ್ರತಿ ವಿಷಯಕ್ಕೂ ಹೊಸ ನೋಟ್‌ಬುಕ್ಕೇ ಬೇಕು, ಹಳೆಯದರ ಮುಂದಿನ ಪುಟದಿಂದ ಶುರು ಮಾಡುವ ಹಾಗಿಲ್ಲ ಅನ್ನೋ ನಿಯಮ ಹಲವು ಶಾಲೆಗಳಲ್ಲಿದೆ. ಯಾಕೆ ಅಂತ ಕೇಳಿದರೆ ‘ನೀಟಾಗಿರಲಿ’ ಅನ್ನುತ್ತಾರೆ. ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ಇದನ್ನು ಕೇಳಿದರೆ ಮೇಷ್ಟ್ರುಗಳಿಗೂ ಖುಷಿಯೇ.

ಹಾಳೆರಾಶಿ

ಇದನ್ನು ಮುಂದಿನ ಸಭೆಯಲ್ಲಿ ಖಂಡಿತ ಕೇಳುತ್ತೇನೆ. ಅಂಗಡಿ ರಶೀದಿಗಳನ್ನು ಏನು ಮಾಡೋದು? ಹಿಂಬದಿ ಖಾಲಿ ಇರುತ್ತದಲ್ಲ, ಮಕ್ಕಳು ಚಿತ್ರ ಬರೆಯುತ್ತಾರೆ.

ತಿರುಳು

ಬೇಡ. ಮಿರುಗುವ, ತೆಳ್ಳನೆಯ ರಶೀದಿಯ ಮೇಲೆ ಉಗುರಿಂದ ಗೀರಿ ನೋಡಿ. ಕಪ್ಪು ಗೆರೆ ಬಂದರೆ ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಅದರ ಲೇಪದಲ್ಲಿ ಬಿಪಿಎ (ಬಿಸ್ಫಿನಾಲ್ ಎ, ದೇಹದ ಹಾರ್ಮೋನುಗಳ ಕೆಲಸ ಕೆಡಿಸಬಲ್ಲ ರಾಸಾಯನಿಕ) ಅಥವಾ ಅದರ ಜಾತಿಯದ್ದು ಇರಬಹುದು. ಯುರೋಪ್ ಒಕ್ಕೂಟದಲ್ಲಿ 2020ರ ಜನವರಿಯಿಂದ ಇಂಥ ಕಾಗದದಲ್ಲಿ ಬಿಪಿಎ ತೂಕದ ಶೇ. 0.02 ಮುಟ್ಟುವ ಹಾಗಿಲ್ಲ. ಮಕ್ಕಳ ಕೈಗೂ ಬೇಡ, ಗೊಬ್ಬರಕ್ಕೂ ಬೇಡ, ರದ್ದಿಗೂ ಬೇಡ. ಬೇಕಾದ ರಶೀದಿಯ ಫೋಟೋ ತೆಗೆದಿಡಿ, ಹೇಗೂ ಅಕ್ಷರ ಮಾಸಿ ಹೋಗುತ್ತದೆ. ಬೇಡದಿದ್ದರೆ ಪ್ರಿಂಟ್ ಮಾಡುವ ಮುಂಚೆಯೇ ಬೇಡ ಅನ್ನಿ.

ಉಡುಗೊರೆ ಕಾಗದವನ್ನು ಮುಷ್ಟಿಯಲ್ಲಿ ಮುದುರಿ ಬಿಡಿ. ಮುದುರಿಯೇ ಉಳಿದರೆ ಕಾಗದ, ತಾನಾಗಿ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಬೆರೆತಿದೆ. ಕಾಗದದ ಲೋಟದ ಅಂಚು ಹರಿದು ನೋಡಿ, ಒಳಗಿನಿಂದ ತೆಳು ಪೊರೆ ಎದ್ದು ಬರುತ್ತದೆ. ಅದನ್ನು ಬೇರ್ಪಡಿಸುವ ಸೌಲಭ್ಯ ಎಲ್ಲ ಕಾರ್ಖಾನೆಗಳಲ್ಲೂ ಇರುವುದಿಲ್ಲ. ಸ್ಟೇಪ್ಲರ್ ಪಿನ್ ಬಗ್ಗೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಭಾರಕ್ಕೆ ಕೆಳಗೆ ಬೀಳುತ್ತದೆ, ಸುಲಭ. ನಮ್ಮ ಜೀವ ತಿನ್ನುತ್ತಿದ್ದದ್ದು ಅಂಟು ಮತ್ತು ಟೇಪು. ಕರಗಿ ಚಿಕ್ಕ ಉಂಡೆಗಳಾಗಿ ಜರಡಿ ಮುಚ್ಚಿ, ಹೊಸ ಕಾಗದದಲ್ಲಿ ತೂತು ಮಾಡುತ್ತದೆ. ಡಬ್ಬದ ಮೇಲಿನ ಟೇಪ್ ಕಿತ್ತು ಕೊಟ್ಟರೆ ದೊಡ್ಡ ಉಪಕಾರ.

ನೇರಮಾತು

ಡಬ್ಬ ಅಂದಾಗ ನೆನಪಾಯಿತು. ಜಗತ್ತಿನಲ್ಲಿ ತಯಾರಾಗುವ ಕಾಗದ ಮತ್ತು ರಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗೋದು ಪ್ಯಾಕಿಂಗ್‌ಗೆ. ಎ4 ಹಾಳೆ ಒಂದಕ್ಕೆ 5 ಗ್ರಾಂ. ಒಂದು ಚಿಕ್ಕ ಪಾರ್ಸಲ್ ಡಬ್ಬ ತೂಕಕ್ಕೆ ಹಾಕಿ, 30 ಹಾಳೆಗೆ ಸಮ ಬರುತ್ತದೆ. ಪ್ರತ್ಯೇಕವಾಗಿ ಮೂರು ಸಲ ತರಿಸೋ ಬದಲು ಒಂದೇ ಸಲ ತರಿಸಿದರೆ ಎಷ್ಟು ಹಾಳೆ ಉಳಿಯಿತು ಅಂತ ಲೆಕ್ಕ ಹಾಕಿಕೊಳ್ಳಿ. ಹೊಲಿಗೆ ಹಾಕೋರು ಹಾಕಲಿ, ನಾನು ಬೇಡ ಅನ್ನಲ್ಲ.

ಸೂಜಿದಾರ

ಡಬ್ಬ ನನಗೆ ಕಳಿಸಿ, ಹೊದಿಕೆಗೆ ಬೇಕು :)

ಸಂಜೆಓದು

ಮನೆಯಲ್ಲೇ ಮಿಕ್ಸಿಯಲ್ಲಿ ರುಬ್ಬಿ ಹೊಸ ಕಾಗದ ಮಾಡೋ ವಿಡಿಯೋಗಳು ತುಂಬ ಇವೆಯಲ್ಲ, ಯಾರಾದರೂ ಮಾಡಿದ್ದೀರಾ?

ಸೀಮೆಸುಣ್ಣ

ಮಕ್ಕಳ ಜೊತೆ ಮಾಡಿಸಿದ್ದೇನೆ. ಜರಡಿಯ ಮೇಲೆ ತಿರುಳು ನಿಂತು ನೀರು ಇಳಿಯುವಾಗ ಅವರ ಮುಖ ನೋಡಬೇಕು. ಕಾಗದ ಅಂದರೆ ಒಂದರ ಮೇಲೊಂದು ಹೆಣೆದುಕೊಂಡ ನಾರು ಅಂತ ಆಗ ಚೆನ್ನಾಗಿ ಗೊತ್ತಾಗುತ್ತದೆ. ಪಾಠಕ್ಕೆ ಒಳ್ಳೆಯದು, ರಾಶಿ ಕರಗಿಸೋಕೆ ಅಲ್ಲ. ಬರೋದು ದಪ್ಪ, ಒರಟು ಹಾಳೆ, ಶುಭಾಶಯ ಪತ್ರಕ್ಕೆ ಸರಿ. ನೀರೂ ಕರೆಂಟೂ ಚೆನ್ನಾಗಿ ಹೋಗುತ್ತದೆ.

ಹಾಳೆರಾಶಿ

ಎಲ್ಲರಿಗೂ ಧನ್ಯವಾದ. ಹೆಸರು, ಸಂಖ್ಯೆ ಇರೋದನ್ನು ಬೇರೆ ಮಾಡಿದೆ. ಒಂದಷ್ಟು ಹೊಲಿಗೆಗೆ, ಒಂದಷ್ಟು ಇಂಕ್‌ಜೆಟ್‌ಗೆ, ಉಳಿದದ್ದು ರದ್ದಿಗೆ. ಆಫೀಸಿನಲ್ಲಿ ಎರಡೂ ಬದಿ ಪ್ರಿಂಟ್ ಮಾಡಿಸೋಣ ಅಂತ ಮಾತಾಡಿದೆ. ಲೆಕ್ಕಪತ್ರ ವಿಭಾಗದವರು ಒಪ್ಪುತ್ತಿಲ್ಲ. ಅವರ ಅರ್ಜಿಗಳು ಒಂದೇ ಬದಿ ಇರಬೇಕಂತೆ, ಪ್ರತಿ ಸಲ ಬದಲಿಸೋಕೆ ಪುರುಸೊತ್ತಿಲ್ಲವಂತೆ.

ಪ್ರಿಂಟರ್‌ಪಕ್ಕ

ಅವರ ಮಾತೂ ನ್ಯಾಯವೇ. ಕಂಪ್ಯೂಟರ್‌ನಲ್ಲಿ ಅದೇ ಪ್ರಿಂಟರನ್ನು ಎರಡು ಸಲ ಸೇರಿಸಬಹುದು. ಒಂದಕ್ಕೆ ‘ಎರಡು ಬದಿ’ ಅಂತ ಹೆಸರಿಟ್ಟು ಮೊದಲಿನ ಆಯ್ಕೆ ಮಾಡಿ, ಇನ್ನೊಂದಕ್ಕೆ ‘ಅರ್ಜಿ’ ಅಂತ ಹೆಸರಿಟ್ಟು ಒಂದೇ ಬದಿಗೆ ಹೊಂದಿಸಿ. ಅರ್ಜಿ ಇದ್ದಾಗ ಅವರು ಪಟ್ಟಿಯಿಂದ ಆ ಹೆಸರು ಆರಿಸಿದರೆ ಸಾಕು, ಸೆಟ್ಟಿಂಗ್ ಮುಟ್ಟೋ ಕೆಲಸವೇ ಇಲ್ಲ. ನಿಮ್ಮ ಐಟಿಯವರಿಗೆ ಹೇಳಿ, ಹತ್ತು ನಿಮಿಷದ ಕೆಲಸ.